ಜರ್ಮನಿಗೆ ಓದಲು ಹೊರಟವರಿಗೆ ಬ್ಯಾಂಕ್ ಖಾತೆಯ ಪಾಠ ಇಲ್ಲೇ ಆಗಲಿ: ಉನ್ನತ ಶಿಕ್ಷಣ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕರ್ನಾಟಕ ಸರ್ಕಾರದ ಉನ್ನತ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ, ರಾಜ್ಯದ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ ಮತ್ತು ಕುಲಸಚಿವರಿಗೆ, ಕಾಲೇಜುಗಳ ಪ್ರಾಂಶುಪಾಲರಿಗೆ. ಜೊತೆಗೆ, ಮಕ್ಕಳನ್ನು ಜರ್ಮನಿಗೆ ಕಳಿಸುತ್ತಿರುವ ತಂದೆತಾಯಂದಿರಿಗೆ.

ವಿಷಯ: ಜರ್ಮನಿಯಲ್ಲಿ ವಿದೇಶಿ ವಿದ್ಯಾರ್ಥಿಗಳು ಬ್ಯಾಂಕ್ ಖಾತೆ ತೆರೆಯುವುದರ ಬಗ್ಗೆ ಪ್ರಯಾಣಕ್ಕೆ ಮೊದಲೇ ಮಾಹಿತಿ ಕೊಡಬೇಕೆಂಬ ಮನವಿ.

ಮಾನ್ಯರೆ,

ಜರ್ಮನಿಗೆ ಓದಲು ಹೊರಡುವ ಮಕ್ಕಳು ಉಳಿದೆಲ್ಲದಕ್ಕೂ ತಯಾರಾಗಿಯೇ ಹೊರಡುತ್ತಾರೆ. ಓದಿನ ದಾಖಲೆಗಳು ಅಸಲಿ ಎಂದು ಹೇಳುವ ಎಪಿಎಸ್ ಪ್ರಮಾಣಪತ್ರ, ಭಾಷಾ ಪರೀಕ್ಷೆಯ ಅಂಕ, ಪ್ರವೇಶಪತ್ರ, ಆರೋಗ್ಯ ವಿಮೆ, ವೀಸಾ, ಎಲ್ಲವೂ ಫೈಲಿನಲ್ಲಿ ಒಪ್ಪವಾಗಿ ಕೂತಿರುತ್ತವೆ. ಬ್ಯಾಂಕ್ ಖಾತೆಯ ಮಾತು ಬಂದಾಗ ಮಾತ್ರ ‘ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು’ ಎಂಬ ಉತ್ತರ. ಆಧಾರ್, ಪ್ಯಾನ್ ಕೊಟ್ಟರೆ ಅರ್ಧ ಗಂಟೆಯಲ್ಲಿ ಖಾತೆ ಆಗಿಬಿಡುವ ನಾಡಿನಿಂದ ಬಂದವರಿಗೆ ಹಾಗನ್ನಿಸುವುದು ಸಹಜ. ಅಲ್ಲಿ ಈ ಒಂದು ಕೆಲಸ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಎಳೆಯುತ್ತದೆ. ಅಷ್ಟು ದಿನವೂ ಮಗುವಿನದೇ ದುಡ್ಡು ಮಗುವಿನ ಕೈಗೆ ಸಿಗುವುದಿಲ್ಲ. ಈ ತೊಂದರೆಯ ಬಹುಪಾಲು ಇಲ್ಲೇ, ಕರ್ನಾಟಕದಲ್ಲೇ ತಪ್ಪಿಸಬಹುದಾದದ್ದು. ಅದಕ್ಕಾಗಿಯೇ ಈ ಪತ್ರ.

ಮೊದಲು ಒಂದು ಮಾತಿನ ಗೊಂದಲ ಬಿಡಿಸಬೇಕು. ನಮ್ಮಲ್ಲಿ ಎಸ್‌ಬಿ ಅಕೌಂಟ್ ಅಂದರೆ ಎಲ್ಲಕ್ಕೂ ಒಂದೇ. ಸಂಬಳ ಅದಕ್ಕೇ ಬರುತ್ತದೆ, ಬಾಡಿಗೆ ಅದರಿಂದಲೇ ಹೋಗುತ್ತದೆ, ಬಡ್ಡಿಯೂ ಅದರಲ್ಲೇ ಬೀಳುತ್ತದೆ. ಜರ್ಮನಿಯಲ್ಲಿ ಇವು ಬೇರೆಬೇರೆ ಖಾತೆಗಳು. ದಿನನಿತ್ಯದ ವ್ಯವಹಾರಕ್ಕೆ ಬೇಕಾದದ್ದು ‘ಗೀರೋಕೊಂಟೊ’. ಐಬ್ಯಾನ್ (ಯುರೋಪಿನಲ್ಲಿ ಬಳಸುವ ಖಾತೆ ಸಂಖ್ಯೆ), ಕಾರ್ಡು, ಹಣ ವರ್ಗಾವಣೆ ಎಲ್ಲ ಇದರಲ್ಲೇ; ಬಡ್ಡಿ ಸಾಮಾನ್ಯವಾಗಿ ಸೊನ್ನೆ. ಉಳಿತಾಯಕ್ಕೆಂದೇ ಇರುವ ‘ಟಾಗೆಸ್‌ಗೆಲ್ಡ್’ ಅಥವಾ ‘ಶ್ಪಾರ್‌ಬೂಖ್’ ಖಾತೆಯಿಂದ ಬಾಡಿಗೆ ಕಟ್ಟಲಾಗದು, ವಿಮೆಯ ಕಂತು ಕಡಿತವಾಗದು. ಬ್ಯಾಂಕಿಗೆ ಹೋಗಿ ‘ಸೇವಿಂಗ್ಸ್ ಅಕೌಂಟ್ ಬೇಕು’ ಎಂದು ಕೇಳಿದವರಿಗೆ ಅವರು ಕೇಳಿದ್ದೇ ಸಿಗುತ್ತದೆ, ಬೇಕಾದದ್ದು ಸಿಗುವುದಿಲ್ಲ. ಮೊದಲು ಗೀರೋಕೊಂಟೊ, ಆಮೇಲೆ ಉಳಿತಾಯ. ಇಷ್ಟು ಗೊತ್ತಿದ್ದರೆ ಒಂದು ವಾರ ಉಳಿದಂತೆ.

ಮೂರನೆಯದೊಂದು ಖಾತೆ ವೀಸಾಕ್ಕಾಗಿ ಇಲ್ಲಿಂದಲೇ ತೆರೆಯುವಂಥದ್ದು. ‘ಶ್ಪೆರ್‌ಕೊಂಟೊ’ ಎಂದು ಅದರ ಹೆಸರು, ನಮ್ಮ ಮಕ್ಕಳ ಬಾಯಲ್ಲಿ ಬ್ಲಾಕ್ಡ್ ಅಕೌಂಟ್. 2024ರ ಸೆಪ್ಟೆಂಬರ್‌ನಿಂದ ಇದರಲ್ಲಿ ಒಂದು ವರ್ಷಕ್ಕೆ 11,904 ಯೂರೋ ಇಡಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಬಿಡುಗಡೆಯಾಗುತ್ತದೆ. ಈ ಮೊತ್ತ ಆಗಾಗ ಏರುತ್ತದೆ. 2023ರಲ್ಲಿ ವರ್ಷಕ್ಕೆ 11,208 ಇತ್ತು. ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಮೊತ್ತವನ್ನು ರಾಯಭಾರ ಕಚೇರಿಯ ಪುಟದಲ್ಲೇ ನೋಡಬೇಕು, ಹಿಂದಿನ ವರ್ಷ ಹೋದ ಸೀನಿಯರ್ ಹೇಳಿದ್ದನ್ನು ನಂಬಬಾರದು.

ಹಣ ಕಳಿಸುವಾಗ ಆಗುವ ಸಾಮಾನ್ಯ ತಪ್ಪು ಕೆಲವೇ ಯೂರೋಗಳದ್ದು. ಇಲ್ಲಿನ ಶಾಖೆಯಿಂದ ಹೊರಟ ಹಣ ನಡುವೆ ಒಂದೋ ಎರಡೋ ಬ್ಯಾಂಕುಗಳ ಮೂಲಕ ಹೋಗುತ್ತದೆ, ಪ್ರತಿಯೊಂದೂ ತನ್ನ ಶುಲ್ಕ ಹಿಡಿದುಕೊಳ್ಳಬಹುದು. 11,904 ಕಳಿಸಿದರೆ 11,880 ತಲುಪುತ್ತದೆ, ದೃಢೀಕರಣ ಪತ್ರ ಬರುವುದಿಲ್ಲ, ವೀಸಾ ಸಂದರ್ಶನದ ದಿನ ಮಾತ್ರ ಹತ್ತಿರವಾಗುತ್ತದೆ. ವಿದೇಶಕ್ಕೆ ಹಣ ಕಳಿಸಲು ಬ್ಯಾಂಕಿಗೆ ಕೊಡುವ ಎ2 ಫಾರಂ ತುಂಬುವಾಗ ಶುಲ್ಕದ ಕಾಲಮ್ಮಿನಲ್ಲಿ ‘ಓಯುಆರ್’ ಎಂದೇ ಬರೆಸಿ, ಅಂದರೆ ಎಲ್ಲ ಶುಲ್ಕವೂ ಕಳಿಸುವವರದ್ದು. ಅದರ ಮೇಲೂ ಸುಮಾರು 100 ಯೂರೋ ಹೆಚ್ಚಿಗೆ ಕಳಿಸಿ. ಖಾತೆ ತೆರೆಯುವ ಕಂಪನಿಯ ಶುಲ್ಕವನ್ನು ಬೇರೆ ಸೇರಿಸಿ. ಹೆಚ್ಚಾದದ್ದು ಎಲ್ಲೂ ಹೋಗುವುದಿಲ್ಲ, ಅದೂ ವಿದ್ಯಾರ್ಥಿಯದೇ ಹಣ. ಉದ್ದೇಶದ ಸಂಕೇತ ಶಿಕ್ಷಣಕ್ಕಾಗಿ ಹೋಗುವವರದು, ಎಸ್0305. ವಿದೇಶಿ ಬ್ಯಾಂಕಿನಲ್ಲಿ ಠೇವಣಿ ಇಡುವುದು ಎಂಬ ಸಂಕೇತವನ್ನು ಗುಮಾಸ್ತರು ಹಾಕಿದರೆ ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕು ಹಿಡಿಯುವ ತೆರಿಗೆಯ ಲೆಕ್ಕವೇ ಬದಲಾಗುತ್ತದೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿವರೆಗಿನ ರವಾನೆಗೆ ಟಿಸಿಎಸ್ ಇಲ್ಲ. ನಿಗದಿತ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದಿಂದ ಹೋಗುವ ಹಣಕ್ಕೆ ಮಿತಿಯಿಲ್ಲದೆ ವಿನಾಯಿತಿ ಇದೆ. ಸಾಲದ ಹಣವಾದರೆ ಸಾಲದ ಖಾತೆಯಿಂದ ನೇರವಾಗಿಯೇ ಹೋಗಲಿ. ಮೊದಲು ಅಪ್ಪನ ಎಸ್‌ಬಿ ಖಾತೆಗೆ ಬಂದು ಅಲ್ಲಿಂದ ಹೊರಟರೆ ಅದು ಸಾಲದ ಹಣವೆಂದು ತೋರಿಸುವುದು ಕಷ್ಟ. ಅಕಸ್ಮಾತ್ ವೀಸಾ ಸಿಗದಿದ್ದರೆ ಹಣ ಹೊರಟ ಖಾತೆಗೇ ವಾಪಸು ಬರಬೇಕಾಗುತ್ತದೆ. ಆ ಖಾತೆಯನ್ನು ಅವಸರದಲ್ಲಿ ಮುಚ್ಚಬೇಡಿ.

ತಂದೆತಾಯಂದಿರು ಗಮನಿಸಬೇಕಾದದ್ದು ಇದು: ಬ್ಲಾಕ್ಡ್ ಅಕೌಂಟಿನಲ್ಲಿ ಹನ್ನೆರಡು ಲಕ್ಷ ರೂಪಾಯಿ ಇದ್ದರೂ ಮಗು ವಿಮಾನ ಇಳಿದ ದಿನ ಅದರಿಂದ ಒಂದು ಲೋಟ ಕಾಫಿ ಕೊಳ್ಳಲಾಗದು. ತಿಂಗಳ 992 ಯೂರೋ ಬಂದು ಬೀಳಲು ವಿದ್ಯಾರ್ಥಿಯ ಸ್ವಂತ ಹೆಸರಿನ ಗೀರೋಕೊಂಟೊ ಬೇಕು. ಅದಾಗುವ ತನಕ ಫೊರೆಕ್ಸ್ ಕಾರ್ಡಿನಲ್ಲಿ 1,500ರಿಂದ 2,000 ಯೂರೋ ಬೇರೆಯಾಗಿ ಇರಲೇಬೇಕು. ಮೊದಲ ತಿಂಗಳ ಬಾಡಿಗೆ, ಮನೆಯ ಮುಂಗಡ, ಸೆಮಿಸ್ಟರ್ ಶುಲ್ಕ ಎಲ್ಲ ಆ ದಿನಗಳಲ್ಲೇ ಬರುತ್ತವೆ. ಮುಂಗಡ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ, ಅದನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕೂ ಬಾಡಿಗೆದಾರರಿಗಿದೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಇನ್ನು ಗೀರೋಕೊಂಟೊ ತೆರೆಯುವ ದಾರಿ. ಮನೆಗೆ ಹೋದ ಎರಡು ವಾರದೊಳಗೆ ಊರಿನ ನಾಗರಿಕ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಇದು ‘ಆನ್‌ಮೆಲ್ಡುಂಗ್’. ಅದಕ್ಕೆ ಮನೆ ಮಾಲೀಕರ ಸಹಿಯಿರುವ ವಾಸ ದೃಢೀಕರಣ ಬೇಕು. ಬಾಡಿಗೆ ಕರಾರುಪತ್ರವೊಂದೇ ಸಾಲದು. ನೋಂದಣಿಯಾದ ಮೇಲೆ ಸಿಗುವ ಕಾಗದ, ಪಾಸ್‌ಪೋರ್ಟ್, ವೀಸಾ, ವಿಶ್ವವಿದ್ಯಾಲಯದ ದಾಖಲಾತಿ ಪತ್ರ, ಈ ನಾಲ್ಕನ್ನು ಹಿಡಿದು ಬ್ಯಾಂಕಿಗೆ ಹೋಗಬೇಕು. ತೆರಿಗೆ ಸಂಖ್ಯೆ 11 ಅಂಕಿಯದ್ದು. ನೋಂದಣಿಯಾದ ಕೆಲವು ವಾರಗಳಲ್ಲಿ ಅದು ಅಂಚೆಯಲ್ಲಿ ಬರುತ್ತದೆ, ಬ್ಯಾಂಕಿಗೆ ಆಮೇಲೆ ಕೊಟ್ಟರೂ ನಡೆಯುತ್ತದೆ. ‘ನೀವು ಯಾವ ದೇಶದ ತೆರಿಗೆ ನಿವಾಸಿ’ ಎಂಬ ಪ್ರಶ್ನೆ ಫಾರಂನಲ್ಲಿ ಇದ್ದೇ ಇರುತ್ತದೆ. ಅಲ್ಲೇ ಮನೆ ಮಾಡಿಕೊಂಡು ವರ್ಷಗಟ್ಟಲೆ ಓದಲು ಬಂದವರ ಉತ್ತರ ಸಾಮಾನ್ಯವಾಗಿ ಜರ್ಮನಿ. ಪಾಸ್‌ಪೋರ್ಟ್ ಭಾರತದ್ದು ಎಂಬ ಕಾರಣಕ್ಕೆ ಭಾರತ ಎಂದು ಗುರುತು ಹಾಕಿದರೆ ಬ್ಯಾಂಕು ಪ್ಯಾನ್ ಕೇಳುತ್ತದೆ, ಅರ್ಜಿ ಅಲ್ಲೇ ನಿಲ್ಲುತ್ತದೆ.

ಕಾಗದದಲ್ಲಿ ಈ ದಾರಿ ನೇರವಾಗಿದೆ. ನೆಲದ ಮೇಲೆ ಅದು ‘ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು’ ಎಂಬಂತೆ. ಮನೆ ಕೊಡುವವರು ಐಬ್ಯಾನ್ ಕೇಳುತ್ತಾರೆ. ಐಬ್ಯಾನ್ ಕೊಡಬೇಕಾದ ಬ್ಯಾಂಕು ನೋಂದಾಯಿತ ವಿಳಾಸ ಕೇಳುತ್ತದೆ. ದೊಡ್ಡ ಊರುಗಳಲ್ಲಿ ನೋಂದಣಿಗೆ ಸಮಯ ಸಿಗುವುದೇ ವಾರಗಳ ನಂತರ. ಈ ಸುತ್ತನ್ನು ಬಿಡಿಸಲು ಕೆಲವು ಎಳೆಗಳಿವೆ. ನೋಂದಣಿಯ ಸಮಯವನ್ನು ಇಲ್ಲಿಂದಲೇ, ವೀಸಾ ಕೈಗೆ ಬಂದ ದಿನವೇ ಕಾದಿರಿಸಬೇಕು. ಊರಿನ ಯಾವ ವಾರ್ಡಿನ ಕಚೇರಿಯಾದರೂ ಸರಿ. ಬ್ಲಾಕ್ಡ್ ಅಕೌಂಟಿನ ಜೊತೆಗೇ ಗೀರೋಕೊಂಟೊ ಕೊಡುವ ವ್ಯವಸ್ಥೆ ಇದೆಯೇ ಎಂದು ಕಂಪನಿ ಆರಿಸುವಾಗಲೇ ಕೇಳಬೇಕು. ಬೇರೆ ಯುರೋಪಿಯನ್ ಒಕ್ಕೂಟದ ದೇಶದ ಐಬ್ಯಾನ್ ಕೊಡುವ ಆನ್‌ಲೈನ್ ಬ್ಯಾಂಕುಗಳೂ ತಾತ್ಕಾಲಿಕವಾಗಿ ಒದಗುತ್ತವೆ. ‘ಡಿಇ’ ಎಂದು ಆರಂಭವಾಗದ ಐಬ್ಯಾನ್ ನಮಗೆ ಬೇಡ ಎಂದು ಕೆಲಸ ಕೊಟ್ಟವರಾಗಲಿ ವಿಮೆ ಕಂಪನಿಯಾಗಲಿ ಹೇಳುವಂತಿಲ್ಲ. ಯೂರೋ ಪಾವತಿಗಳ ಬಗ್ಗೆ ಒಕ್ಕೂಟ ಮಾಡಿದ 2012ರ ಸೆಪಾ ನಿಯಮದ 9ನೇ ವಿಧಿ ಅದನ್ನು ತಡೆಯುತ್ತದೆ. ಗೊತ್ತಿಲ್ಲದವರು ಹೇಳುತ್ತಲೇ ಇರುತ್ತಾರೆ, ವಿಧಿಯ ಸಂಖ್ಯೆ ಹೇಳಿದಾಗ ದನಿ ಬದಲಾಗುತ್ತದೆ.

ಸುಳ್ಳು ವಿಳಾಸದ ದಾರಿ ಮಾತ್ರ ಬೇಡ. ವಾಸಕ್ಕಿಲ್ಲದ ಮನೆಯ ವಿಳಾಸವನ್ನು ನೋಂದಣಿಗಾಗಿ ಹಣಕ್ಕೆ ಮಾರುವವರು ಗುಂಪುಗಳಲ್ಲಿ ಸಿಗುತ್ತಾರೆ. ಹಾಗೆ ವಿಳಾಸ ಕೊಡುವವರಿಗೆ ಜರ್ಮನಿಯ ನೋಂದಣಿ ಕಾನೂನು 50,000 ಯೂರೋವರೆಗೆ ದಂಡ ಇಟ್ಟಿದೆ. ಪಡೆದವರೂ ಅಪಾಯದಿಂದ ಹೊರಗಿಲ್ಲ. ಅದಕ್ಕಿಂತ ಬೇಗ ತಟ್ಟುವ ಪೆಟ್ಟು ಬ್ಯಾಂಕಿನದ್ದು: ಕಾರ್ಡು, ಪಿನ್ ಎಲ್ಲ ಆ ವಿಳಾಸಕ್ಕೆ ಹೋಗುತ್ತವೆ.

ಅಂಚೆಪೆಟ್ಟಿಗೆಯ ವಿಷಯ ಸಣ್ಣದೆನಿಸಬಹುದು. ಆದರೆ ಖಾತೆ ತೆರೆದ ಮೇಲೂ ಕೈಗೆ ಸಿಗದೆ ಹೋಗುವುದಕ್ಕೆ ಇಷ್ಟು ಸಲೀಸಾದ ಕಾರಣ ಇನ್ನೊಂದಿಲ್ಲ. ಅಲ್ಲಿ ಮನೆಗಳಿಗೆ ನಮ್ಮಂತೆ ಬಾಗಿಲ ಸಂಖ್ಯೆ ಬರೆಯುವ ರೂಢಿ ಕಡಿಮೆ. ಕಟ್ಟಡದ ಸಂಖ್ಯೆ ಇರುತ್ತದೆ, ಒಳಗೆ ಹತ್ತಾರು ಪೆಟ್ಟಿಗೆಗಳಿರುತ್ತವೆ, ಯಾವ ಪೆಟ್ಟಿಗೆ ಯಾರದೆಂದು ಅಂಚೆಯವರಿಗೆ ತಿಳಿಯುವುದು ಅದರ ಮೇಲೆ ಅಂಟಿಸಿದ ಹೆಸರಿನಿಂದ. ಹೆಸರಿಲ್ಲದಿದ್ದರೆ ಪತ್ರ ವಾಪಸು. ಬ್ಯಾಂಕು ಕಾರ್ಡನ್ನು ಒಂದು ಲಕೋಟೆಯಲ್ಲಿ, ಪಿನ್ನನ್ನು ಇನ್ನೊಂದರಲ್ಲಿ, ಆ್ಯಪ್ ನೋಂದಣಿಯ ಸಂಕೇತವನ್ನು ಮತ್ತೊಂದರಲ್ಲಿ, ಬೇರೆಬೇರೆ ದಿನ ಕಳಿಸುತ್ತದೆ. ಒಂದು ವಾಪಸಾದರೂ ಖಾತೆ ನಡೆಯುವುದಿಲ್ಲ, ಎರಡು ವಾಪಸಾದರೆ ವಿಳಾಸವೇ ಸುಳ್ಳೆಂದು ಬ್ಯಾಂಕು ತೀರ್ಮಾನಿಸಬಹುದು. ಮನೆಗೆ ಕಾಲಿಟ್ಟ ದಿನವೇ ಪಾಸ್‌ಪೋರ್ಟಿನಲ್ಲಿರುವಂತೆ ಹೆಸರು ಬರೆದು ಪೆಟ್ಟಿಗೆಗೂ ಕರೆಗಂಟೆಗೂ ಅಂಟಿಸಬೇಕು. ಇನ್ನೊಬ್ಬರ ಮನೆಯಲ್ಲಿ ತಾತ್ಕಾಲಿಕವಾಗಿ ಉಳಿದಿದ್ದರೆ ವಿಳಾಸದಲ್ಲಿ ಆ ಮನೆಯವರ ಹೆಸರಿಗಿಂತ ಮೊದಲು ‘ಸಿ/ಒ’ ಎಂದು ಸೇರಿಸಬೇಕು.

ಹೆಸರೆಂದಾಗ ನಿಮ್ಮ ಇಲಾಖೆಗೂ ವಿಶ್ವವಿದ್ಯಾಲಯಗಳಿಗೂ ನೇರವಾಗಿ ಸಂಬಂಧಿಸಿದ ಮಾತು ಬಂತು. ನಮ್ಮಲ್ಲಿ ಮನೆತನದ ಹೆಸರು ಎಲ್ಲರಿಗೂ ಇರುವುದಿಲ್ಲ. ಮಂಜುನಾಥ ಕೆ. ಎಸ್. ಎಂಬಲ್ಲಿ ‘ಕೆ’ ಕಡೂರು, ‘ಎಸ್’ ತಂದೆ ಶಿವಣ್ಣ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ಲು, ಪದವಿಯ ಅಂಕಪಟ್ಟಿಯಲ್ಲೂ ಅದೇ, ಪಾಸ್‌ಪೋರ್ಟಿನಲ್ಲಿ ವಿಸ್ತರಿಸಿದ ಮೂರು ಹೆಸರು ‘ಗಿವನ್ ನೇಮ್’ನಲ್ಲಿ ಕೂತು ‘ಸರ್‌ನೇಮ್’ ಖಾಲಿ. ಜರ್ಮನಿಯಲ್ಲಿ ಯಾವ ಫಾರಂ ತೆಗೆದರೂ ಹೆಸರಿಗೆ ಎರಡು ಖಾನೆಗಳಿವೆ, ಒಂದನ್ನೂ ಖಾಲಿ ಬಿಡುವಂತಿಲ್ಲ. ಆಗ ಒಬ್ಬೊಬ್ಬರು ಒಂದೊಂದು ರೀತಿ ತುಂಬುತ್ತಾರೆ. ನೋಂದಣಿ ಕಚೇರಿ ಪೂರ್ತಿ ಹೆಸರನ್ನು ಕುಟುಂಬದ ಹೆಸರಿನ ಜಾಗಕ್ಕೆ ಹಾಕಿ ಇನ್ನೊಂದರಲ್ಲಿ ಗೆರೆ ಎಳೆಯಬಹುದು, ಬ್ಲಾಕ್ಡ್ ಅಕೌಂಟಿನವರು ಕೊನೆಯ ಪದವನ್ನು ಸರ್‌ನೇಮ್ ಮಾಡಬಹುದು, ಬ್ಯಾಂಕು ಮೊದಲ ಪದವನ್ನು. ಒಬ್ಬನೇ ಹುಡುಗ ಮೂರು ಕಡೆ ಮೂರು ಜನ.

ಇದರ ಪೆಟ್ಟು ಈಗ ಹೆಚ್ಚಾಗಿದೆ. 2025ರ ಅಕ್ಟೋಬರ್ 9ರಿಂದ ಯೂರೋ ವಲಯದಲ್ಲಿ ಹಣ ಕಳಿಸುವ ಬ್ಯಾಂಕು, ಪಡೆಯುವವರ ಹೆಸರೂ ಐಬ್ಯಾನೂ ಹೊಂದುತ್ತವೆಯೇ ಎಂದು ಕಳಿಸುವ ಮೊದಲೇ ತಾಳೆ ನೋಡಿ ಹೇಳಬೇಕು. ಹೊಂದದಿದ್ದರೆ ಎಚ್ಚರಿಕೆ ಬರುತ್ತದೆ. ಎಚ್ಚರಿಕೆಯ ಮೇಲೂ ಕಳಿಸಬಹುದು, ಆದರೆ ಸಂಬಳ ಹಾಕುವ ಕಂಪನಿಯವರು, ವಿದ್ಯಾರ್ಥಿವೇತನ ಕೊಡುವವರು ಅಂಥ ಹೊಣೆ ಹೊರಲು ಇಷ್ಟಪಡುವುದಿಲ್ಲ. ಪರಿಹಾರ ಒಂದೇ: ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ತುಂಬಿರಬೇಕು, ಅದೂ ಎಪಿಎಸ್‌ಗೆ ಮತ್ತು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವುದಕ್ಕೆ ಮೊದಲು. ವೀಸಾ ಬಂದ ಮೇಲೆ ತಿದ್ದಲು ಹೋದರೆ ಎಲ್ಲ ಕಾಗದವೂ ಬದಲಾಗಬೇಕು. ಅಂಕಪಟ್ಟಿಯ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಹೊಂದದಿದ್ದಾಗ ‘ಇಬ್ಬರೂ ಒಬ್ಬರೇ’ ಎಂದು ಕುಲಸಚಿವರ ಕಚೇರಿಯಿಂದ ಇಂಗ್ಲಿಷಿನಲ್ಲಿ ಒಂದು ಪತ್ರ, ಕೇಳಿದ ವಾರದೊಳಗೆ ಸಿಗುವಂತಾಗಬೇಕು. ಇನ್ನೂ ಬುಡಕ್ಕೆ ಹೋಗುವುದಾದರೆ, ಹತ್ತನೇ ತರಗತಿಯ ನೋಂದಣಿಯ ವೇಳೆಯಲ್ಲೇ ಇನಿಷಿಯಲ್ ಬಿಡಿಸಿ ಬರೆಯುವುದು ರೂಢಿಯಾದರೆ ಹತ್ತು ವರ್ಷದ ಆಚೆಗಿನ ಅಲೆದಾಟ ಈಗಲೇ ನಿಲ್ಲುತ್ತದೆ.

ಗುರುತು ಪರಿಶೀಲನೆಯಲ್ಲೂ ಒಂದು ತೊಡಕಿದೆ. ಆನ್‌ಲೈನ್ ಬ್ಯಾಂಕುಗಳು ವಿಡಿಯೊ ಕರೆಯಲ್ಲಿ ಪಾಸ್‌ಪೋರ್ಟ್ ನೋಡುತ್ತವೆ. ಕೆಲವು ಬ್ಯಾಂಕುಗಳ ವಿಡಿಯೊ ವ್ಯವಸ್ಥೆ ಭಾರತದ ಪಾಸ್‌ಪೋರ್ಟನ್ನು ಒಪ್ಪುವುದಿಲ್ಲ. ಅರ್ಜಿ ತಿರಸ್ಕಾರವಾಯಿತೆಂದು ಕೈಚೆಲ್ಲಬಾರದು, ಆಗ ‘ಪೋಸ್ಟ್‌ಐಡೆಂಟ್’ ಆರಿಸಿಕೊಳ್ಳಬೇಕು. ಬ್ಯಾಂಕು ಕೊಡುವ ಕೂಪನ್ನು ಮುದ್ರಿಸಿ, ಪಾಸ್‌ಪೋರ್ಟ್ ಮತ್ತು ನೋಂದಣಿ ಕಾಗದದ ಜೊತೆ ಅಂಚೆ ಕಚೇರಿಗೆ ಹೋದರೆ ಅಲ್ಲಿನ ಸಿಬ್ಬಂದಿ ನೋಡಿ ದೃಢೀಕರಿಸುತ್ತಾರೆ. ‘ಶೂಫಾ’ ಎಂಬ ಸಾಲದ ದಾಖಲೆ ಸಂಸ್ಥೆಯಲ್ಲಿ ಹೊಸಬರ ಹೆಸರೇ ಇರುವುದಿಲ್ಲ. ಕೆಲವು ಆನ್‌ಲೈನ್ ಬ್ಯಾಂಕುಗಳ ಯಂತ್ರ ಆ ಖಾಲಿತನಕ್ಕೇ ಕಾರಣ ಹೇಳದೆ ‘ಇಲ್ಲ’ ಅಂದುಬಿಡುತ್ತದೆ.

ಈ ‘ಇಲ್ಲ’ದ ಮುಂದೆ ನಮ್ಮ ಮಕ್ಕಳು ಸುಮ್ಮನಾಗಿಬಿಡುವುದೇ ನಮಗೆ ಅತಿ ಹೆಚ್ಚು ನೋವು ತರುವ ಸಂಗತಿ. ಈ ಪತ್ರದಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ. ಸಾಮಾನ್ಯ ಗೀರೋಕೊಂಟೊ ಕೊಡುವುದು ಬಿಡುವುದು ಬ್ಯಾಂಕಿನ ಇಷ್ಟ. ಆದರೆ ‘ಬಾಜಿಸ್‌ಕೊಂಟೊ’, ಅಂದರೆ ಮೂಲ ಖಾತೆ, ಜರ್ಮನಿಯಲ್ಲಿ ಕಾನೂನು ಕೊಟ್ಟ ಹಕ್ಕು. ಯುರೋಪಿಯನ್ ಒಕ್ಕೂಟದ 2014ರ ನಿರ್ದೇಶನವನ್ನು ಅನುಸರಿಸಿ ಬಂದ ಪಾವತಿ ಖಾತೆಗಳ ಕಾನೂನು 2016ರ ಜೂನ್ 18ರಿಂದ ಈ ಹಕ್ಕನ್ನು ಜಾರಿಗೆ ತಂದಿದೆ. ಒಕ್ಕೂಟದಲ್ಲಿ ಕಾನೂನುಬದ್ಧವಾಗಿ ವಾಸಿಸುವ ಯಾವ ಗ್ರಾಹಕರೂ ಇದನ್ನು ಕೇಳಬಹುದು. ಸ್ಥಿರ ವಿಳಾಸ ಇಲ್ಲದವರು, ಆಶ್ರಯ ಕೋರಿ ಬಂದವರು ಕೂಡ. ವಿದ್ಯಾರ್ಥಿ ವೀಸಾ ಇರುವವರಿಗೆ, ಕಾನೂನು ಒಪ್ಪುವ ಕೆಲವೇ ಕಾರಣಗಳ ಹೊರತು, ಇದು ಇಲ್ಲವೆನ್ನುವಂತಿಲ್ಲ. ಶೂಫಾದಲ್ಲಿ ದಾಖಲೆ ಇಲ್ಲ ಎಂಬುದು ಕಾರಣವಾಗದು, ಆದಾಯ ಇಲ್ಲ ಎಂಬುದೂ ಆಗದು. ಈ ಖಾತೆಯಲ್ಲಿ ಹಣ ಕಟ್ಟುವುದು, ತೆಗೆಯುವುದು, ವರ್ಗಾವಣೆ, ಸ್ಥಾಯಿ ಆದೇಶ, ನೇರ ಕಡಿತ, ಕಾರ್ಡು ಎಲ್ಲ ಉಂಟು. ಇಲ್ಲದ್ದು ಓವರ್‌ಡ್ರಾಫ್ಟ್ ಮಾತ್ರ, ವಿದ್ಯಾರ್ಥಿಗೆ ಅದು ಬೇಕಾಗಿಯೂ ಇಲ್ಲ.

ಕೇಳುವ ರೀತಿಯಲ್ಲೇ ಎಲ್ಲ ಇದೆ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಕೇಳಿದರೆ ಉತ್ತರವೂ ಬಾಯಿಮಾತಿನಲ್ಲೇ ಬರುತ್ತದೆ, ಅದಕ್ಕೆ ದಾಖಲೆ ಇರುವುದಿಲ್ಲ. ಈ ಅರ್ಜಿಗೆ ಕಾನೂನೇ ನಿಗದಿ ಮಾಡಿದ ನಮೂನೆ ಇದೆ. ಹಣಕಾಸು ಮೇಲ್ವಿಚಾರಣಾ ಸಂಸ್ಥೆ ‘ಬಾಫಿನ್’ನ ಪುಟದಲ್ಲೂ ಸಿಗುತ್ತದೆ. ಅದನ್ನು ತುಂಬಿ, ಒಂದು ಪ್ರತಿ ಇಟ್ಟುಕೊಂಡು, ಸ್ವೀಕರಿಸಿದ ದಿನಾಂಕದ ಮುದ್ರೆ ಹಾಕಿಸಿಕೊಳ್ಳಬೇಕು. ಆ ದಿನದಿಂದ 10 ಬ್ಯಾಂಕ್ ಕೆಲಸದ ದಿನದೊಳಗೆ ಬ್ಯಾಂಕು ಖಾತೆಯ ಒಪ್ಪಂದವನ್ನು ಮುಂದಿಡಬೇಕು. ಇಲ್ಲವೆನ್ನುವುದಾದರೆ ಅದನ್ನೂ ಅಷ್ಟರೊಳಗೆ, ಬರಹದಲ್ಲಿ, ಶುಲ್ಕ ಕೇಳದೆ ತಿಳಿಸಬೇಕು. ತಿರಸ್ಕರಿಸಲು ಒಪ್ಪಿತ ಕಾರಣಗಳು ಬೆರಳೆಣಿಕೆಯಷ್ಟು: ಈಗಾಗಲೇ ಜರ್ಮನಿಯಲ್ಲಿ ಬಳಸಲು ಬರುವ ಖಾತೆ ಇರುವುದು, ಹಿಂದಿನ ಮೂಲ ಖಾತೆ ದುರ್ಬಳಕೆಯಿಂದ ಅಥವಾ ಶುಲ್ಕ ಬಾಕಿಯಿಂದ ಇತ್ತೀಚೆಗೆ ರದ್ದಾಗಿರುವುದು, ಬ್ಯಾಂಕಿನ ವಿರುದ್ಧ ಉದ್ದೇಶಪೂರ್ವಕ ಅಪರಾಧಕ್ಕೆ ಶಿಕ್ಷೆಯಾಗಿರುವುದು, ಅಕ್ರಮ ಹಣ ತಡೆ ಕಾನೂನಿಗೆ ಅಡ್ಡಿಯಾಗುವುದು. ಇವು ಯಾವುವೂ ಇಲ್ಲದೆ ತಿರಸ್ಕಾರವಾದರೆ, ಅಥವಾ 10 ದಿನ ಕಳೆದರೂ ಉತ್ತರ ಬಾರದಿದ್ದರೆ, ಬಾಫಿನ್‌ಗೆ ಅರ್ಜಿ ಹಾಕಬಹುದು. ಖಾತೆ ತೆರೆಯಲೇಬೇಕೆಂದು ಬ್ಯಾಂಕಿಗೆ ಆದೇಶಿಸುವ ಅಧಿಕಾರ ಅದಕ್ಕಿದೆ. ನಮ್ಮ ಅನುಭವದ ಮಾತು: ಮುದ್ರೆ ಬಿದ್ದ ನಮೂನೆಯೊಂದು ಮೇಜಿನ ಮೇಲಿದ್ದರೆ ಅಷ್ಟು ದೂರ ಹೋಗುವ ಪ್ರಸಂಗ ಅಪರೂಪ.

ಶುಲ್ಕದ ಬಗ್ಗೆಯೂ ಒಂದು ಮಾತು. ಮೂಲ ಖಾತೆಗೆ ಬ್ಯಾಂಕು ಮನಬಂದಂತೆ ವಸೂಲಿ ಮಾಡುವಂತಿಲ್ಲ, ಶುಲ್ಕ ಸಮಂಜಸವಾಗಿರಬೇಕು. ತಿಂಗಳಿಗೆ 8.99 ಯೂರೋ ವಿಧಿಸುತ್ತಿದ್ದ ಒಂದು ಬ್ಯಾಂಕಿನ ಷರತ್ತನ್ನು ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2020ರ ಜೂನ್ 30ರಂದು ಅಸಿಂಧುಗೊಳಿಸಿತು. ಆದರೂ ವಿದ್ಯಾರ್ಥಿಗಳಿಗೆ ಉಚಿತ ಗೀರೋಕೊಂಟೊ ಕೊಡುವ ಬ್ಯಾಂಕು ಸಿಕ್ಕರೆ ಮೊದಲು ಅದನ್ನೇ ನೋಡುವುದು ಜಾಣತನ. ಅಲ್ಲಿ ವಯಸ್ಸಿನ ಮಿತಿ ಇರುತ್ತದೆ, ದಾಖಲಾತಿ ಪತ್ರವನ್ನು ಆಗಾಗ ಕೊಡಬೇಕಾಗುತ್ತದೆ. ಕೊಡಲು ಮರೆತ ತಿಂಗಳಿಂದ ಶುಲ್ಕ ಸದ್ದಿಲ್ಲದೆ ಶುರುವಾಗಬಹುದು.

ಖಾತೆ ಆದ ಮೇಲೆ ಕಳೆದುಕೊಳ್ಳುವುದು ಹೇಗೆಂದೂ ಹೇಳಬೇಕು, ಏಕೆಂದರೆ ಇದಕ್ಕೆ ಕಾರಣ ನಮ್ಮವರ ಒಳ್ಳೆಯತನವೇ. ಹೊಸದಾಗಿ ಬಂದ ಗೆಳೆಯನಿಗೆ ಖಾತೆಯಿಲ್ಲ, ‘ನನ್ನದಕ್ಕೇ ಹಾಕಿಸಿಕೋ’ ಎನ್ನುತ್ತಾರೆ. ಖಾತೆ ತೆರೆಯುವಾಗ ‘ನನ್ನ ಸ್ವಂತ ವ್ಯವಹಾರಕ್ಕೆ ಮಾತ್ರ’ ಎಂದು ಸಹಿ ಮಾಡಿರುತ್ತಾರೆ. ಮೂರು ನಾಲ್ಕು ಬೇರೆ ಹೆಸರಿನ ಸಂಬಳ, ಬಾಡಿಗೆ ಒಂದೇ ಖಾತೆಯಲ್ಲಿ ಓಡಾಡಿದರೆ ಬ್ಯಾಂಕಿಗೆ ಅನುಮಾನ ಬರುತ್ತದೆ. ಸಾಮಾನ್ಯ ಗೀರೋಕೊಂಟೊವನ್ನು ಕಾರಣ ಕೊಡದೆ ಎರಡು ತಿಂಗಳ ಸೂಚನೆಯಲ್ಲಿ ಮುಚ್ಚುವ ಅಧಿಕಾರ ಅದಕ್ಕಿರುತ್ತದೆ. ಇನ್ನೂ ಕೆಟ್ಟದ್ದು ‘ಮನೆಯಿಂದಲೇ ಕೆಲಸ, ನಿಮ್ಮ ಖಾತೆಗೆ ಬಂದ ಹಣವನ್ನು ಮುಂದಕ್ಕೆ ಕಳಿಸಿದರೆ ಕಮಿಷನ್’ ಎಂಬ ಜಾಹೀರಾತು. ಅದು ಕದ್ದ ಹಣವನ್ನು ದಾಟಿಸುವ ಕೆಲಸ. ಅಕ್ರಮ ಹಣ ಸಾಗಣೆಯ ಅಪರಾಧದಲ್ಲಿ ಸಿಕ್ಕಿಬೀಳುವುದು ಖಾತೆಯ ಹೆಸರಿನವರು, ವಾಸದ ಅನುಮತಿಗೂ ಅದು ಕುತ್ತು. ಇದನ್ನು ಕಾಲೇಜಿನಲ್ಲೇ ಯಾರಾದರೂ ಎದುರಿಗೆ ನಿಂತು ಹೇಳಬೇಕು.

ವಾಸದ ಅನುಮತಿ ಮುಗಿಯುವ ಹೊತ್ತಿಗೂ ಬ್ಯಾಂಕಿನಿಂದ ಪತ್ರ ಬರಬಹುದು. ನವೀಕರಣ ತಡವಾದರೆ ವಿದೇಶಿಯರ ಕಚೇರಿ ಕೊಡುವ ತಾತ್ಕಾಲಿಕ ಪ್ರಮಾಣಪತ್ರದ ಪ್ರತಿಯನ್ನು ಕಳಿಸಿದರೆ ಸಾಕು. ಆ ಪತ್ರಕ್ಕೆ ಉತ್ತರಿಸದಿರುವುದೇ ತಪ್ಪು. ಹಳೆಯ ಫೋನು ಮಾರುವ ಮೊದಲು ಹೊಸದರಲ್ಲಿ ಬ್ಯಾಂಕಿನ ಆ್ಯಪ್ ನೋಂದಾಯಿಸಿರಬೇಕು, ಇಲ್ಲವಾದರೆ ಸಂಕೇತ ಮತ್ತೆ ಅಂಚೆಯಲ್ಲೇ ಬರಬೇಕು.

ಉಳಿತಾಯಕ್ಕೆ ಬರೋಣ. ಓದುತ್ತಲೇ ಕೆಲಸ ಮಾಡುವವರು ತಿಂಗಳಿಗೆ ನೂರು ಯೂರೋ ಉಳಿಸಿದರೂ ಅದನ್ನು ಗೀರೋಕೊಂಟೊದಲ್ಲಿ ಕೊಳೆಸುವುದು ಬೇಡ. ಟಾಗೆಸ್‌ಗೆಲ್ಡ್ ಖಾತೆಯಲ್ಲಿ ಬಡ್ಡಿ ದರ ಏರಿಳಿಯುತ್ತದೆ, ಹಣ ಯಾವಾಗ ಬೇಕಾದರೂ ವಾಪಸು ಬರುತ್ತದೆ, ಆದರೆ ಸ್ವಂತ ಗೀರೋಕೊಂಟೊಗೆ ಮಾತ್ರ. ಶ್ಪಾರ್‌ಬೂಖ್ ನಮ್ಮ ಪಾಸ್‌ಬುಕ್ಕಿನಂಥದ್ದು. ತಿಂಗಳಿಗೆ 2,000 ಯೂರೋಗಿಂತ ಹೆಚ್ಚು ತೆಗೆಯಬೇಕಾದರೆ ಸಾಮಾನ್ಯವಾಗಿ ಮೂರು ತಿಂಗಳ ಮುನ್ಸೂಚನೆ. ಮನೆಯ ಮುಂಗಡವನ್ನು ನಗದು ಕೊಡುವ ಬದಲು ಇಂಥ ಖಾತೆಯಲ್ಲಿಟ್ಟು ಮಾಲೀಕರಿಗೆ ಒತ್ತೆ ಇಡುವ ರೂಢಿ ಅಲ್ಲಿದೆ. ಮಾಲೀಕರು ಒಪ್ಪಿದರೆ ಅದೇ ಭದ್ರ. ಬ್ಯಾಂಕು ಮುಳುಗಿದರೂ ಒಬ್ಬ ಗ್ರಾಹಕರಿಗೆ ಒಂದು ಬ್ಯಾಂಕಿನಲ್ಲಿ 1,00,000 ಯೂರೋವರೆಗೆ ಕಾನೂನಿನ ರಕ್ಷಣೆ ಇದೆ.

ಬಡ್ಡಿಯ ಮೇಲೆ ಬ್ಯಾಂಕೇ 25% ತೆರಿಗೆಯನ್ನೂ ಆ ತೆರಿಗೆಯ ಮೇಲೆ 5.5% ಹೆಚ್ಚುವರಿಯನ್ನೂ ಹಿಡಿಯುತ್ತದೆ. ವರ್ಷಕ್ಕೆ 1,000 ಯೂರೋವರೆಗಿನ ಬಡ್ಡಿಗೆ ವಿನಾಯಿತಿ ಇದೆ, ಆದರೆ ‘ಫ್ರೈಶ್ಟೆಲುಂಗ್ಸ್‌ಆಉಫ್‌ಟ್ರಾಗ್’ ಎಂಬ ಒಂದು ಪುಟದ ಫಾರಂ ಕೊಟ್ಟವರಿಗೆ ಮಾತ್ರ ಅದು ತಾನಾಗಿ ಸಿಗುತ್ತದೆ. ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಕುಟುಂಬಗಳು ಇನ್ನೊಂದನ್ನು ತಿಳಿದಿರಬೇಕು: ವಿಳಾಸ ನೋಂದಣಿಯ ಫಾರಂನಲ್ಲಿ ಧರ್ಮದ ಪ್ರಶ್ನೆ ಇರುತ್ತದೆ, ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಎಂದು ಬರೆದವರು ತೆರಿಗೆ ಕಟ್ಟುವಷ್ಟು ದುಡಿಯತೊಡಗಿದಾಗ ಆದಾಯ ತೆರಿಗೆಯ 8 ಅಥವಾ 9% ಚರ್ಚ್ ತೆರಿಗೆಯಾಗಿ ಹೋಗುತ್ತದೆ. ಅದು ಅಲ್ಲಿನ ವ್ಯವಸ್ಥೆ, ತಿಳಿದೇ ಸಹಿ ಮಾಡಲಿ.

ಊರಿನಲ್ಲಿ ಬಿಟ್ಟುಹೋದ ಎಸ್‌ಬಿ ಖಾತೆಯನ್ನೂ ಮರೆಯುವಂತಿಲ್ಲ. ವಿದೇಶಕ್ಕೆ ಓದಲು ಹೋದವರನ್ನು ವಿದೇಶಿ ವಿನಿಮಯ ಕಾನೂನಿನಡಿ ಅನಿವಾಸಿಗಳೆಂದೇ ಪರಿಗಣಿಸಬೇಕೆಂದು ರಿಸರ್ವ್ ಬ್ಯಾಂಕ್ 2003ರಲ್ಲೇ ತಿಳಿಸಿದೆ. ಆ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಸಾಮಾನ್ಯ ಖಾತೆಯಾಗಿ ಬದಲಾಯಿಸಬೇಕು. ಮುಂದೆ ವಿದೇಶದ ಗಳಿಕೆ ಇಡುವ ಎನ್‌ಆರ್‌ಇ ಖಾತೆ ತೆರೆದವರು ‘ಇದರ ಬಡ್ಡಿಗೆ ತೆರಿಗೆ ಇಲ್ಲ’ ಎಂದು ನಿಶ್ಚಿಂತರಾಗುತ್ತಾರೆ. ಇಲ್ಲ ಎಂಬುದು ಭಾರತದಲ್ಲಿ. ಜರ್ಮನಿ ತನ್ನ ನಿವಾಸಿಗಳ ಆದಾಯವನ್ನು ಅದು ಎಲ್ಲಿ ಬಂದರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಖಾತೆಗಳ ಮಾಹಿತಿ ಎರಡು ದೇಶಗಳ ನಡುವೆ ವಿನಿಮಯವಾಗುತ್ತದೆ. ಅಲ್ಲಿನ ತೆರಿಗೆ ವಿವರದಲ್ಲಿ ಈ ಬಡ್ಡಿಯನ್ನು ತೋರಿಸಲೇಬೇಕು. ಊರಿನ ಬ್ಯಾಂಕಿನ ಒಟಿಪಿ ಬರುವ ಸಿಮ್ಮನ್ನು ರೋಮಿಂಗಿನಲ್ಲಿ ಜೀವಂತವಾಗಿಡಬೇಕು.

ನಮ್ಮ ಬೇಡಿಕೆಗಳು ಖರ್ಚಿನವಲ್ಲ. ವಿದೇಶಕ್ಕೆ ಹೋಗುವವರಿಗೆ ಟ್ರಾನ್ಸ್‌ಕ್ರಿಪ್ಟ್ ಕೊಡುವ ಕಿಟಕಿಯಲ್ಲೇ ಈ ವಿವರಗಳಿರುವ ಎರಡು ಹಾಳೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಕೈಗೆ ಸಿಗಲಿ. ಕನ್ನಡದ್ದು ಮನೆಯಲ್ಲಿರುವ ಅಪ್ಪ ಅಮ್ಮನಿಗಾಗಿ. ಹಣ ಕಳಿಸುವ ಫಾರಂಗೆ ಸಹಿ ಮಾಡುವವರು ಅವರೇ. ಬಾಜಿಸ್‌ಕೊಂಟೊ ಅರ್ಜಿಯ ನಮೂನೆಯನ್ನು, ಪ್ರತಿ ಕಾಲಮ್ಮಿಗೆ ಏನು ಬರೆಯಬೇಕೆಂಬ ಟಿಪ್ಪಣಿಯೊಂದಿಗೆ, ಅದಕ್ಕೆ ಲಗತ್ತಿಸಿ. ಹೆಸರಿನ ವ್ಯತ್ಯಾಸಕ್ಕೆ ದೃಢೀಕರಣ ಪತ್ರ ಕೊಡಲು ಎಲ್ಲ ವಿಶ್ವವಿದ್ಯಾಲಯಗಳಿಗೂ ಒಂದೇ ನಮೂನೆ, ಒಂದೇ ಗಡುವು ಇರಲಿ. ವರ್ಷಕ್ಕೊಮ್ಮೆ ಎರಡು ಗಂಟೆಯ ಸಭೆ ನಡೆಸುವುದಾದರೆ ಜರ್ಮನಿಯಿಂದ ವಿಡಿಯೊ ಮೂಲಕ ಮಾತಾಡಲು, ಪ್ರಶ್ನೆಗಳಿಗೆ ಉತ್ತರಿಸಲು ನಾವು ಸಿದ್ಧ, ಯಾವ ಸಂಭಾವನೆಯೂ ಬೇಡ. ಚಳಿಗಾಲದ ಸೆಮಿಸ್ಟರ್‌ನ ಪಾಠಗಳು ಅಕ್ಟೋಬರ್‌ನಲ್ಲಿ ಆರಂಭವಾಗುತ್ತವೆ, ಬ್ಲಾಕ್ಡ್ ಅಕೌಂಟಿಗೆ ಹಣ ಹೊರಡುವುದು ಜೂನ್, ಜುಲೈ ಹೊತ್ತಿಗೆ. ಸಭೆ ಮೇ ತಿಂಗಳಲ್ಲೇ ಆದರೆ ಮಾತ್ರ ಅವರಿಗೆ ಉಪಯೋಗವಾಗುತ್ತದೆ.

ಇಂತಿ,
ಜರ್ಮನಿಗೆ ಬರುವ ಹೊಸ ವಿದ್ಯಾರ್ಥಿಗಳಿಗೆ ಕಾಗದಪತ್ರದ ಕೆಲಸದಲ್ಲಿ ನೆರವಾಗುವ ಕೆಲವು ಕನ್ನಡಿಗರು